ಬುಧಗ್ರಹದ ತಪ್ಪೊಪ್ಪಿಗೆ

೧೯೮೧ರ ಒಂದು ಮಧ್ಯಾಹ್ನ, ಬುಧಗ್ರಹ ತನ್ನ ಸುತ್ತ ತಾನು ತಿರುಗಬಹುದೋ ಇಲ್ಲವೋ ಎಂಬ ಘನವಾದ ಪ್ರಶ್ನೆ ರಾಯಚೂರಿನ ಬಸ್ ನಿಲ್ದಾಣದಲ್ಲಿ ಇತ್ಯರ್ಥಕ್ಕೆ ಬಂತು. ದೇವದುರ್ಗದ ಬಸ್ಸಿಗೆ ಕಾದಿದ್ದ ಹತ್ತಿ ಮಿಲ್ಲಿನ ಗುಮಾಸ್ತ ರಾಮಲಿಂಗಪ್ಪ ಪೇಪರನ್ನು ಮುಖಕ್ಕೆ ಹಿಡಿದು, ಕಿವಿಯನ್ನು ಪಕ್ಕದ ಬೆಂಚಿಗೆ ಕೊಟ್ಟಿದ್ದ. ಅಲ್ಲಿ ಅದೇ ಬಸ್ಸಿಗೆ ಕಾಯುತ್ತ ಸಲಾವುದ್ದೀನ್ ಮಾಸ್ತರರೂ ಅವರ ವಿದ್ಯಾರ್ಥಿನಿ ಗೋಪಮ್ಮನೂ ಕುಳಿತಿದ್ದರು. ಹುಡುಗಿ ಬೆಳಿಗ್ಗೆ ಜಿಲ್ಲಾ ರಸಪ್ರಶ್ನೆಯಲ್ಲಿ ಗೆದ್ದೂ, ಒಂದು ಉತ್ತರ ತಪ್ಪೆಂದ ತೀರ್ಪುಗಾರರಿಗೆ ಎದುರು ಮಾತಾಡಿ ಬಂದಿದ್ದಳು.

“‘ನಂದ ತಪ್ಪು’ ಅಂತ ಈ ಹಾಳಿಗೆ ಸಹಿ ಮಾಡವ್ವಾ. ಐದು ಗಂಟಿಯೊಳಗ ಕೊಟ್ರ ಮುಂದಿನ ಸ್ಪರ್ಧೆಗೆ ಗುಲ್ಬರ್ಗಾಕ್ಕ ಕಳಸ್ತಾರ. ಇಲ್ಲಾಂದ್ರ ಎರಡನೇ ನಂಬರ್ ಬಂದ ಮಾನ್ವಿಯವ್ರು ಹೋಗ್ತಾರ.”

“ತಪ್ಪಿಲ್ಲಲ್ರೀ ಸರ್.”

“ಬುಧ ಸೂರ್ಯಗ ಒಂದ ಮಾರಿ ತೋರಸ್ತದ, ಆ ಕಡಿ ಬೆಂಕಿ, ಈ ಕಡಿ ಥಂಡಿ ಅಂತ ಅವರ ಪುಸ್ತಕದಾಗ ಅದ.”

“ಆ ಪುಸ್ತಕ ನಾ ಹುಟ್ಟೋಕಿಂತ ಮೊದಲಿಂದ್ರಿ. ಐವತ್ತೊಂಬತ್ತು ದಿನಕ್ಕೊಮ್ಮಿ ತಿರಗತದ ಅಂತ ಪತ್ರಿಕಿ ತಂದು ತೋರ್ಸಿದವ್ರು ನೀವ.”

“ನಿನಗ ತೋರ್ಸೀನಿ. ದೊಡ್ಡವ್ರಿಗೆ ತೋರ್ಸಾಕ ಆಗ್ತದೇನು?”

“ಗುಲ್ಬರ್ಗಾದಾಗೂ ಇದನ್ನ ಕೇಳಿದ್ರ?”

“ಕೇಳಂಗಿಲ್ಲ ಬಿಡ ಬೇ.”

“ನಾ ಸಹಿ ಮಾಡಿದ್ರ ಅದು ತಿರಗೋದು ನಿಲ್ತದೇನ್ರೀ?”

ರಾಮಲಿಂಗಪ್ಪ ಪೇಪರನ್ನು ತುಸು ಇಳಿಸಿದ. ಅಷ್ಟರಲ್ಲಿ ಬಸ್ಸು ಬಂತು. ಜನ ಕಿಟಕಿಗಳೊಳಗೆ ಟವೆಲು, ಚೀಲ ಎಸೆದು ಸೀಟು ಹಿಡಿಯತೊಡಗಿದರು.

“ನಮ್ಮಂತೇಕ ಟವೆಲ್ಲಿಲ್ಲಲ್ರೀ ಸರ್.”

“ಇದ ಹಾಕು,” ಎಂದು ಮಾಸ್ತರರು ಆ ಹಾಳೆಯನ್ನೇ ಮಡಚಿ ಅವಳ ಕೈಗಿಟ್ಟರು.

ಇಬ್ಬರಿಗೂ ಸೀಟು ಸಿಕ್ಕಿತು. ಗುಲ್ಬರ್ಗಾಕ್ಕೆ ಮಾನ್ವಿಯವರು ಹೋದರು.