ಮೀನಿಲ್ಲದ ಎರಡು ತಿಂಗಳು

ಹಿಂದೆ ಕೂತಿರೋ ತಾಯಂದಿರು ಸ್ವಲ್ಪ ಮುಂದೆ ಬನ್ನಿ, ಇಲ್ಲಿ ಜಾಗ ಇದೆ. ಇವತ್ತಿನ ವಿಷಯ ಸಹನೆ. ಸಹನೆ ಅಂದ ಕೂಡಲೇ ಅರ್ಧ ಸಭೆಗೆ ಆಕಳಿಕೆ ಬರುತ್ತೆ, ನನಗೆ ಗೊತ್ತು. ಅದಕ್ಕೇ ಮೊದಲು ಕಥೆ ಹೇಳಿಬಿಡ್ತೀನಿ.

ರಾಣೆಬೆನ್ನೂರಲ್ಲಿ ಒಬ್ಬ ಸಾಹುಕಾರ ಇದ್ದ. ಹೆಸರಿಲ್ಲದಿದ್ದರೆ ನಿಮಗೆ ಕಥೆ ರುಚಿಸೋದಿಲ್ಲ, ಕೊಟ್ರಬಸಪ್ಪ ಅಂತ ಇಟ್ಟುಕೊಳ್ಳೋಣ. ದೊಡ್ಡ ಸ್ಟೀಲ್ ಪಾತ್ರೆ ಅಂಗಡಿ. ನೆಲದಿಂದ ಸೂರಿನ ತನಕ ಕೊಡ, ಕೊಳಗ, ತಂಬಿಗೆ, ತಟ್ಟೆ. ಒಂದು ಕೊಡ ಮಾರಿದರೆ ಗಿರಾಕಿ ಮೆಟ್ಟಿಲು ಇಳಿಯೋದರೊಳಗೆ ಆ ಜಾಗದಲ್ಲಿ ಇನ್ನೊಂದು ಕೊಡ ಕೂತಿರಬೇಕು. ಖಾಲಿ ಕಪಾಟು ಕಂಡರೆ ಅವನಿಗೆ ಮೈಯೆಲ್ಲ ತುರಿಕೆ. "ಖಾಲಿ ಕಂಡ್ರ ಮಂದಿ ಅಂಗಡಿ ಮುಳುಗೇತಿ ಅಂತಾರ" ಅನ್ನೋದು ಅವನ ವಾದ. ವ್ಯಾಪಾರಕ್ಕೆ ಅದು ಸರಿಯೇ ಇರಬಹುದು.

ಅವನಿಗೆ ಒಬ್ಬಳೇ ಮಗಳು, ನೀಲಾಂಬಿಕೆ. ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಆಕೆಗೆ ಸಮುದ್ರದ ಮೀನಿನ ಹುಚ್ಚು. ನೋಡಿ, ರಾಣೆಬೆನ್ನೂರಿಗೂ ಸಮುದ್ರಕ್ಕೂ ಎಲ್ಲಿಯ ಸಂಬಂಧ? ಪ್ಯಾಕೆಟ್ಟಿನಲ್ಲಿ ಉಪ್ಪು ತರಿಸಿ, ಅಳತೆ ನೋಡಿ ನೀರಿಗೆ ಕಲಸಿ, ನಡುಮನೆಯಲ್ಲಿ ಒಂದು ಗಾಜಿನ ತೊಟ್ಟಿ ಇಟ್ಟು, ಅದರೊಳಗೆ ಪುಟ್ಟ ಸಮುದ್ರವನ್ನೇ ಮಾಡಿದಳು. ಕಲ್ಲು, ಹವಳ, ನೀಲಿ ಮೀನು, ಹಳದಿ ಮೀನು, ಕೇಸರಿ ಮೈಗೆ ಬಿಳಿ ಪಟ್ಟೆ ಇರೋ ಮೀನು. ನೆಂಟರು ನಕ್ಕರು. "ಏನ್ರೀ ಸಾವ್ಕಾರ್ರ, ಲಿಂಗ ಕಟ್ಟಿದವರ ಮನಿಯಾಗ ಮೀನಾ?" "ತಿನ್ನಾಕಲ್ರೀ, ನೋಡಾಕ!" ಅಂತ ಹೇಳಿ ಹೇಳಿ ಕೊಟ್ರಬಸಪ್ಪನ ಗಂಟಲು ಒಣಗಿತು. ಆಮೇಲಾಮೇಲೆ ಬಂದವರನ್ನು ಕೈಹಿಡಿದು ತೊಟ್ಟಿಯ ಮುಂದೆ ನಿಲ್ಲಿಸೋನು ಅವನೇ.

ಒಂದು ಸಲ ಆ ಮನೆಗೆ ಎರಡು ಕೆಟ್ಟ ಸುದ್ದಿ ಒಟ್ಟಿಗೇ ಬಂದವು. ನೀಲಾಳ ನಿಶ್ಚಿತಾರ್ಥ ಆಗಿತ್ತು. ಆ ಹುಡುಗನ ಜೊತೆ ದಿನಾ ಫೋನಿನಲ್ಲಿ ಮಾತಾಡಿ, ನಕ್ಕು, ಮನೆಗೆ ಯಾವ ಬಣ್ಣ ಬಳಿಸೋಣ ಅನ್ನೋ ತನಕ ಬಂದಿದ್ದಳು. ಹುಡುಗನ ಮನೆಯವರು ಮೂರನೆಯವರ ಬಾಯಲ್ಲಿ "ನಮಗೆ ಬೇಡ" ಅಂತ ಹೇಳಿ ಕಳಿಸಿದರು. ಅಷ್ಟೇ. ಕಾರಣವೂ ಇಲ್ಲ. ಅದರ ಬೆನ್ನಿಗೇ ಮೀನಿಗೆ ರೋಗ ಬಂತು. ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಎದ್ದು ಒಂದೊಂದೇ ಸತ್ತವು. ಉಳಿದದ್ದು ಕೇಸರಿ ಮೀನು ಮಾತ್ರ.

ಕೊಟ್ರಬಸಪ್ಪ ಕೆಟ್ಟವನಲ್ಲ. ಮಗಳು ತಟ್ಟೆಯಲ್ಲಿ ರೊಟ್ಟಿ ಮುರಿದು ಸುಮ್ಮನೆ ಕೂತಿದ್ದರೆ ಅವನ ತುತ್ತೂ ಇಳೀತಿರಲಿಲ್ಲ. ಆದರೆ ಅವನಿಗೆ ಗೊತ್ತಿದ್ದ ಮದ್ದು ಒಂದೇ: ಖಾಲಿಯಾದ ಜಾಗ ತುಂಬಬೇಕು. ಹುಬ್ಬಳ್ಳಿಯಿಂದ ಹೊಸ ಮೀನು ತಂದು, ಮಗಳು ಶಾಲೆಯಿಂದ ಬರೋದರೊಳಗೆ ತೊಟ್ಟಿಗೆ ಬಿಟ್ಟೇಬಿಟ್ಟ. ಇನ್ನೊಂದು ಗಂಡಿನ ಕಡೆಯವರಿಗೆ ಫೋನು ಮಾಡಿ, ಮುಂದಿನ ಭಾನುವಾರ ಹೆಣ್ಣು ನೋಡೋಕೆ ಬನ್ನಿ ಅಂತಲೂ ಕರೆದ. ಎಂಥಾ ಚುರುಕು ಮನುಷ್ಯ ನೋಡಿ!

ಆ ವಾರ ಕಳೆಯೋದರೊಳಗೆ ಹೊಸ ಮೀನಿಗೂ ಚುಕ್ಕೆ ಬಂತು. ಅವೂ ಹೋದವು. "ಅಂಗಡ್ಯಾಂವ ಮೋಸ ಮಾಡ್ಯಾನ" ಅಂತ ಇವನು ಕೂಗಾಡಿದ. ಮಗಳು ಹೇಳಿದಳು, "ಮೋಸ ಇಲ್ರೀ ಅಪ್ಪಾಜಿ. ರೋಗದ ಹುಳ ಇನ್ನೂ ಈ ನೀರಾಗ ಐತಿ, ಕಣ್ಣಿಗೆ ಕಾಣೂದಿಲ್ಲ. ಉಳಿದ ಮೀನೂ ಅದನ್ನ ಹೊತ್ಕೊಂಡೈತಿ. ಅದನ್ನ ತೆಗೆದು ಬ್ಯಾರೆ ನೀರಾಗ ಇಟ್ಟು ಔಷಧ ಕೊಡಬೇಕು. ತೊಟ್ಟಿಯೊಳಗ ಎರಡು ತಿಂಗಳಾದ್ರೂ ಒಂದು ಮೀನೂ ಇರಬಾರ್ದು. ಮೀನು ಸಿಗಲಾರದಕ್ಕ ಆ ಹುಳ ತಾನ ಸಾಯ್ತೈತಿ."

ಕೊಟ್ರಬಸಪ್ಪ ಎಲ್ಲ ಕೇಳಿದ. ತಲೆ ಆಡಿಸಿದ. ಶನಿವಾರ ಮತ್ತೆ ಹುಬ್ಬಳ್ಳಿಗೆ ಹೋದ!

ನಗ್ತೀರಿ. ನಾವು ಎಷ್ಟು ಸಲ ತಲೆ ಆಡಿಸಿ ಎದ್ದು ಹೋಗಿಲ್ಲ?

ಸಂಜೆ ಎರಡೂ ಕೈಯಲ್ಲಿ ನೀರು, ಮೀನು ತುಂಬಿದ ಪ್ಲಾಸ್ಟಿಕ್ ಚೀಲ ಹಿಡಿದು ಮನೆಗೆ ಬಂದ. ಮಗಳು ತೊಟ್ಟಿಗೆ ಅಡ್ಡ ನಿಂತಳು.

"ಬಿಡಬ್ಯಾಡ್ರಿ ಅಪ್ಪಾಜಿ."

"ನಾಳೆ ಅವರು ಬರ್ತಾರವ್ವ. ಖಾಲಿ ಖಾಲಿ ತೊಟ್ಟಿ ನೋಡಿ ಏನು ತಿಳ್ಕೊಂತಾರ?"

"ಅವರು ಮೀನ ನೋಡಾಕ ಬರ್ತಾರೋ, ನನ್ನ ನೋಡಾಕೋ?"

"ನಿನ್ನ ಸಲುವಾಗೇ ಓಡಾಡಾಕತ್ತೀನಲ್ಲವ್ವ..."

ನೀಲಾಳ ದನಿ ಏರಲಿಲ್ಲ. "ಈ ನೀರಿಗೆ ಎರಡು ತಿಂಗಳು ಬೇಕು ಅಂದೆ. ನೀವು ಒಂದು ವಾರ ತಡಕೊಳ್ಳಲಿಲ್ಲ. ನನಗೆ ಎಷ್ಟು ದಿನ ಬೇಕು ಅಂತ ಒಮ್ಮೆ ಆದ್ರೂ ಕೇಳೀರೇನು? ನಾಳೆ ಸೀರಿ ಉಟ್ಟು ಅವರ ಮುಂದ ಕುಂದರ್ತೀನಿ. ಆದ್ರ ನನ್ನೊಳಗ ಇನ್ನೂ ಆ ಹಳೇದೇ ಐತ್ರಿ. ಅದರ ಮ್ಯಾಲೆ ಯಾರನ್ನ ತಂದು ಬಿಟ್ರೂ ಉಳಿಯೂದಿಲ್ಲ."

ಚೀಲ ಹಿಡಿದ ಕೈ ಅಲ್ಲೇ ನಿಂತಿತು. ಅಡುಗೆಮನೆ ಬಾಗಿಲಲ್ಲಿ ಹೆಂಡತಿ ಶಿವಗಂಗಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಕೊಟ್ರಬಸಪ್ಪನಿಗೆ ಆ ಹೊತ್ತಿಗೆ ಮಗಳ ಮುಖ ನಿಜವಾಗಿ ಕಾಣಿಸಿತು. ಅಷ್ಟು ದಿನ ಅವನು ನೋಡ್ತಿದ್ದದ್ದು ಮುಖವನ್ನಲ್ಲ, ನಾಲ್ಕು ಜನ ಏನಂತಾರೋ ಅನ್ನೋ ಭಯವನ್ನ. ಹುಡುಗನ ಬಗ್ಗೆ ಸರಿಯಾಗಿ ವಿಚಾರಿಸದೆ, ಗಂಡು ಕೈತಪ್ಪಿ ಹೋಗಬಾರದು ಅಂತ ಆ ಮೊದಲಿನ ನಿಶ್ಚಿತಾರ್ಥವನ್ನು ಅವಸರದಲ್ಲಿ ಮಾಡಿದ್ದೂ ಅದೇ ಭಯದಿಂದಲೇ. ಅವನು ಕುರ್ಚಿಯಲ್ಲಿ ಕೂತ. "ತಪ್ಪಾತವ್ವ" ಅಂದ.

ಫೋನು ತೆಗೆದ. "ನಾಳೆ ಬರಬ್ಯಾಡ್ರಿ. ನಮ್ಮ ಮಗಳಿಗೆ ಸ್ವಲ್ಪ ಕಾಲ ಬೇಕಾಗೇತಿ." ಆ ಕಡೆಯವರು ಸಿಟ್ಟಿನಿಂದ ಫೋನು ಇಟ್ಟರು. ಆದರೆ ಇವನ ಎದೆ ಹಗುರ ಆಗಿತ್ತು.

ಸರಿ, ಚೀಲದ ಮೀನು ಏನು ಮಾಡೋದು? "ಅಂಗಡಿಯಾಗಿನ ಆ ದೊಡ್ಡ ಕೊಳಗ ತರ್ತೀನಿ" ಅಂತ ಎದ್ದ. "ಉಪ್ಪುನೀರಿಗೆ ಸ್ಟೀಲ್ ಆಗಂಗಿಲ್ರೀ. ಎರಡು ಪ್ಲಾಸ್ಟಿಕ್ ಟಬ್ ಬೇಕು. ಕೇಸರಿ ಮೀನಿಗೆ ಒಂದು, ಇವಕ್ಕ ಒಂದು" ಅಂದಳು ಮಗಳು. ಅಯ್ಯೋ! ಇವನ ಅಂಗಡಿಯ ಎದುರಿಗೇ ಪ್ಲಾಸ್ಟಿಕ್ ಅಂಗಡಿ. "ಪ್ಲಾಸ್ಟಿಕ್ ಒಂದು ಸಾಮಾನೇನ್ರೀ?" ಅಂತ ಬಂದ ಗಿರಾಕಿಗೆಲ್ಲ ಹೇಳಿಕೊಂಡು ಬಂದವನು ಇವನು. ಈಗ ಊರೆಲ್ಲ ನೋಡೋ ಹಾಗೆ ರಸ್ತೆ ದಾಟಿ, ಎರಡು ನೀಲಿ ಟಬ್ಬು ತಲೆಮೇಲೆ ಹೊತ್ತು ಬಂದ. ಮಗಳು ಬಾಗಿಲಲ್ಲೇ ನೋಡಿ ನಕ್ಕುಬಿಟ್ಟಳು. ಎಷ್ಟೋ ದಿನದ ಮೇಲೆ ನಕ್ಕಳು.

ತೊಟ್ಟಿ ಖಾಲಿ ಉಳೀತು. ಬಂದವರೆಲ್ಲ "ಎಲ್ರೀ ಮೀನು?" ಅನ್ನೋರು. ಮೊದಲು ಅವನಿಗೆ ನಾಚಿಕೆ. ಆಮೇಲೆ ದಿನಾ ಬೆಳಿಗ್ಗೆ ಚಹಾ ಹಿಡಿದು ತೊಟ್ಟಿಯ ಮುಂದೆ ಕೂರೋದು ರೂಢಿ ಆಯ್ತು. ಒಂದು ದಿನ ಕೂಗಿದ, "ನೀಲಾ, ಬಾ ಇಲ್ಲಿ! ಗಾಜಿನ ಮ್ಯಾಲೆ ಏನೋ ಹರದಾಡತೈತಿ!" ಸಾಸಿವೆಯಷ್ಟು ಸಣ್ಣ ಜೀವಿಗಳು, ರೋಗದ ಹುಳ ಅಲ್ಲ. ಮೀನು ಇದ್ದಾಗ ತಲೆ ಎತ್ತೋಕಾಗದೆ ಕಲ್ಲಿನ ಸಂದಿಯಲ್ಲಿ ಅಡಗಿದ್ದವು, ಈಗ ಹೊರಗೆ ಬಂದಿದ್ದವು. ಹವಳ ಅರಳಿತ್ತು. ಈ ಕಡೆ ಮಗಳು ಬಿಟ್ಟಿದ್ದ ಬ್ಯಾಡ್ಮಿಂಟನ್ ಮತ್ತೆ ಶುರು ಮಾಡಿದಳು. ರೊಟ್ಟಿ ಇನ್ನೊಂದು ಬೇಕು ಅನ್ನೋಕೆ ಶುರು ಮಾಡಿದಳು. ಯಾರೂ ಏನೂ ತುಂಬಿರಲಿಲ್ಲ, ನೋಡಿ. ಯಾರೂ ಏನೂ ತುಂಬಿರಲಿಲ್ಲ!

ಎರಡು ತಿಂಗಳು ಕಳೀತು. ಟಬ್ಬಿನಲ್ಲಿ ಔಷಧ ಕುಡಿದು ಗಟ್ಟಿಯಾದ ಕೇಸರಿ ಮೀನನ್ನು ಮೊದಲು ಬಿಟ್ಟರು. ಕೆಲವು ದಿನ ಬಿಟ್ಟು ಇನ್ನೊಂದು ಟಬ್ಬಿನ ಎರಡನ್ನು. ಹುಬ್ಬಳ್ಳಿ ಅಂಗಡಿಯವನು "ಇನ್ನೂ ತಗೊಳ್ರೀ ಸಾವ್ಕಾರ್ರ" ಅಂದರೆ ಕೊಟ್ರಬಸಪ್ಪ, "ಅವಸರ ಏನೈತಿ?" ಅಂದನಂತೆ. ಆ ಮನುಷ್ಯನ ಬಾಯಲ್ಲಿ ಆ ಮಾತು! ಮೀನೆಲ್ಲ ಉಳಿದವು.

ಈಗ ನಿಮ್ಮ ಮನಸ್ಸಲ್ಲಿ ಏನಿದೆ ಹೇಳಲಾ? "ಹುಡುಗಿಗೆ ಮದುವೆ ಆಯ್ತಾ?" ಹೌದಲ್ಲ? ನೋಡಿ, ನಿಮಗೂ ತಡೆಯೋಕಾಗಲ್ಲ! ಆಯ್ತು ತಾಯಂದಿರೇ, ಆಯ್ತು. ಒಂದು ದಿನ ಆಕೆಯೇ "ಅಪ್ಪಾಜಿ, ಈಗ ಯಾರನ್ನಾದ್ರೂ ಕರೀರಿ" ಅಂದಳು. ಬಂದ ಹುಡುಗನ ಜೊತೆ ಬಿಡುವಾಗಿ ಮಾತಾಡಿ, ಜಗಳ ಆಡಿಯೂ ನೋಡಿ, ಒಪ್ಪಿದಳು.

ಆದರೆ ನಾನು ಕೇಳೋದು ನಿಮ್ಮ ಮನೆಯ ವಿಷಯ. ನಿಮ್ಮ ಮನೆಯಲ್ಲಿ ಯಾರೋ ಪರೀಕ್ಷೆಯಲ್ಲಿ ಫೇಲಾಗಿದ್ದಾರೆ. ಸೊಸೆಗೆ ಗರ್ಭ ನಿಲ್ಲಲಿಲ್ಲ. ತಮ್ಮನ ಕೆಲಸ ಹೋಯ್ತು. ಅತ್ತಿಗೆ ಗಂಡನನ್ನು ಕಳಕೊಂಡಳು. ನೀವು ಏನಂತೀರಿ? "ಮುಂದೇನು?" ಅಂತೀರಿ. "ಇನ್ನೊಂದು ನೋಡೋಣ" ಅಂತೀರಿ. ಪ್ರೀತಿಯಿಂದಲೇ ಅಂತೀರಿ, ಗೊತ್ತು. ಆದರೆ ಅದರಲ್ಲಿ ಪ್ರೀತಿ ಎಷ್ಟು, ಜನರ ಬಾಯಿಯ ಭಯ ಎಷ್ಟು? ಖಾಲಿಯಾದ ಮನಸ್ಸಿನೊಳಗೆ ಕೆಲಸ ನಡೀತಾ ಇರುತ್ತೆ. ಹೊರಗಿಂದ ಕಾಣೋದಿಲ್ಲ. ಅದಕ್ಕೆ ಸಮಯ ಕೊಡಿ. ನೆಂಟರು ಕೇಳಿದರೆ ಅವರ ಬಾಯಿಗೆ ನೀವು ಅಡ್ಡ ನಿಲ್ಲಿ. ಅದೇ ಸಹನೆ.

ಇವತ್ತು ಮನೆಗೆ ಹೋಗಿ ಅವರ ಪಕ್ಕ ಕೂತುಕೊಳ್ಳಿ. "ಮುಂದೇನು" ಅಂತ ಕೇಳಬೇಡಿ. "ಊಟ ಆಯ್ತಾ?" ಅಂತ ಕೇಳಿ. ಇಲ್ಲ ಅಂದರೆ ಬಡಿಸಿ, ನೀವೂ ಜೊತೆಗೆ ಉಣ್ಣಿ.