ಆಷಾಢ ಅಂತಲೇ ಬರಿ

ಅಮಾವಾಸ್ಯೆಯ ಬೆಳಿಗ್ಗೆ ಸೋಮೇಶ್ವರನ ದರ್ಶನ ಮುಗಿಸಿ, ವಚನವೊಂದನ್ನು ಗುನುಗುತ್ತಾ ಮಡಿವಾಳದ ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಲ್ಲುಬೆಂಚಿನ ಮೇಲೆ ರಾಣೆಬೆನ್ನೂರು ಕಡೆಯ ಮಾತಿನ ಹೆಂಗಸೊಬ್ಬರು, ಜೊತೆಗೆ ಫೈಲು ಹಿಡಿದ ಕಸ್ಟಮ್ಸ್ ಏಜೆಂಟ್. ಅವರ ಮಾತು ಕಿವಿಗೆ ಬಿದ್ದು ನನ್ನ ವಚನ ನಿಂತಿತು.

“ಮಾಲು ಬಂದ ಮೂವತ್ತು ದಿನದೊಳಗೆ ಪೇಪರ್ ಹಾಕಿ ಬಿಡಿಸ್ಕೋಬೇಕಿತ್ತು ಮೇಡಂ. ಈಗ ನಿಮ್ಮ ಕಸೂತಿ ಮಷೀನ್ ಹರಾಜು ಹಾಕ್ತೀವಿ ಅಂತ ನೋಟಿಸ್ ಬಂದಿದೆ.”

“ಹರಾಜ್ ಹಾಕಾಕ ಅದೇನು ಬೀಡಾಡಿ ದನ ಏನೋ ತಮ್ಮಾ? ನಾ ಅದೀನಲ್ಲ!”

“ಹಾಗಾದ್ರೆ ತಡ ಯಾಕಾಯ್ತು ಅಂತ ಬರೆದುಕೊಡ್ಬೇಕು. ನಿಮಗೆ ಕಾಮಾಲೆ ಆಗಿತ್ತು ಅಂತ ಬರೆದಿದೀನಿ. ಸೈನ್ ಮಾಡಿ.”

“ನನಗ ಕಾಮಾಲಿ? ಗುಂಡಕಲ್ಲ ಇದ್ದಂಗ ಅದೀನಿ. ಮಾಲು ಬಂದು ವಾರಕ್ಕ ಆಷಾಢ ಹಿಡೀತು; ಆಷಾಢದಾಗ ಹೊಸಾ ಮಷೀನ್ ಮನಿಗೆ ಬ್ಯಾಡ ಅಂದ್ರು ನಮ್ಮತ್ತಿ. ಅದನ್ನ ಬರಿ.”

“ಆಫೀಸರ್ ನಗ್ತಾರೆ ಮೇಡಂ.”

“ನಗಲಿ. ಅವರ ಮಗಳ ಮದುವಿ ಆಷಾಢದಾಗ ಮಾಡ್ತಾರೇನು, ಕೇಳು.”

“ಅವರು ಒಪ್ಪದಿದ್ರೆ ಮಷೀನ್ ಹೋಗುತ್ತೆ.”

“ನಾ ಬಿಟ್ರ ಹೋಗತೈತಿ. ನಾಕು ಮಂದಿ ಹೆಣ್ಮಕ್ಕಳು ಇದ್ದ ಕೆಲಸ ಬಿಟ್ಟು ಅದಕ್ಕ ಕಾಯ್ಕೊಂತ ಕುಂತಾರ. ನಾನ ಬಂದು ಸಾಹೇಬರ ಎದುರಿಗೇ ಹೇಳ್ತೀನಿ.”

ಏಜೆಂಟ್ ಕಾಮಾಲೆಯನ್ನು ಹೊಡೆದುಹಾಕಿ ಆಷಾಢ ಎಂದು ಬರೆದ. ಆಮೇಲೆ ತಲೆ ಕೆರೆದುಕೊಂಡ.

“ಇವತ್ತೂ ಆಷಾಢವೇ ಅಲ್ವಾ ಮೇಡಂ? ನಾಳೆ ಶ್ರಾವಣ ಹುಟ್ಟಿದ ಮೇಲೆ ಸೈನ್ ಹಾಕ್ತೀರಾ?”

“ತಾ ಇಲ್ಲಿ ಪೆನ್ನು.”

ಮೊಣಕಾಲ ಮೇಲೆ ಫೈಲಿಟ್ಟುಕೊಂಡು ದೊಡ್ಡದಾಗಿ ಸಹಿ ಹಾಕಿದರು. ಅಷ್ಟರಲ್ಲಿ ಕಸ್ಟಮ್ಸ್ ಆಫೀಸಿನ ಕಡೆ ಹೋಗುವ ವೈಟ್‌ಫೀಲ್ಡ್ ಬಸ್ ಬಂತು.

“ನಿಮ್ಮತ್ತೆ ಏನಂತಾರೋ!” ಎಂದ ಏಜೆಂಟ್.

“ಅವರಿಗೂ ಒಂದು ನೋಟಿಸ್ ಕೊಡ್ತೀನಿ. ನೀ ಹತ್ತು.”