ಒಂದೇ ಪ್ಲೇಟಲ್ಲಿ ಮಿದುಳು, ಲಿವರ್

...ಅಯ್ಯೋ, ಅಳು ನಿಲ್ಸು ಲಿಖಿತಾ! ಲ್ಯಾಬ್ ಹೆಡ್ ನಂದಕುಮಾರ್ ಸಾರ್ ಪ್ಲೇಟಲ್ಲಿರೋ ಕೋಶ ಸತ್ರೆ ನೀನ್ಯಾಕೆ ಅಳ್ತೀಯ? ಇನ್ನೇನು ಗೆಸ್ಟ್‌ಗಳು ಬರ್ತಾರೆ, ಸಾರ್ ಸೂಟ್ ಹಾಕ್ಕೊಂಡು ಮೈಕ್ರೋಸ್ಕೋಪ್ ಪಕ್ಕ ನಿಂತ್ಕೋತಾರೆ, ಒಳಗೆ ನೋಡಿದ್ರೆ ಮಿದುಳಿನ ಕೋಶ ಒಂದೂ ಉಳಿದಿಲ್ಲ... ಆಹಾ! ನನ್ನ ಹೊಟ್ಟೆ ತಣ್ಣಗಾಯ್ತು ಕಣೇ.

ಹಾಗೆ ನೋಡ್ಬೇಡ. ಮಿದುಳಿನ ಕೋಶ, ಲಿವರ್ ಕೋಶ, ಎರಡನ್ನೂ ಒಟ್ಟಿಗೆ ಬೆಳೆಸೋಕೆ ಒದ್ದಾಡಿದೋಳು ಯಾರು? ಈ ಟೆಕ್ನಿಶಿಯನ್ ಶಾಂತಲಾ! ಒಂದಕ್ಕೆ ಒಗ್ಗೋ ಊಟ ಇನ್ನೊಂದು ಮೂಸೂ ನೋಡಲ್ಲ. ಮನೇಲಿ ವರಮಹಾಲಕ್ಷ್ಮಿ ಹಬ್ಬ ಇದ್ದಾಗ್ಲೂ ನಾನು ರೇಷ್ಮೆ ಸೀರೇಲೇ ಕೋಣನಕುಂಟೆಯಿಂದ ಓಡಿಬಂದು ಇವಕ್ಕೆ ಊಟ ಹಾಕಿದ್ದೀನಿ. ನಾವು ಪರೀಕ್ಷೆ ಮಾಡ್ತಿರೋ ಆ ಹೊಸ ಔಷಧಿ ಮಿದುಳೊಂದಕ್ಕೇ ಹಾಕಿದ್ರೆ ಏನೂ ಆಗಲ್ಲ, ಪಕ್ಕದಲ್ಲಿ ಲಿವರ್ ಇದ್ರೆ ಲಿವರೇ ಅದನ್ನ ವಿಷ ಮಾಡಿ ಮಿದುಳನ್ನ ಕೊಲ್ಲುತ್ತೆ ಅಂತ ಕಂಡುಹಿಡಿದೋಳೂ ನಾನೇ. ಇವತ್ತು ಸಾರ್ ಅದನ್ನೇ ತಮ್ಮ ಕೆಲಸ ಅಂತ ತೋರಿಸೋಕೆ ಹೊರಟಿದ್ರು! ಅವರ ರಿಸರ್ಚ್ ಪೇಪರಲ್ಲಿ ನನ್ನ ಹೆಸರೆಲ್ಲಿ? ಕೊನೇಲಿ, ವಂದನೆಗಳಲ್ಲಿ. ಲ್ಯಾಬಿಗೆ ಗ್ಯಾಸ್ ತರೋರ ಜೊತೆ!

ಹೇಗೆ ಸತ್ವು ಅಂತಾನಾ? ಕೋಶ ಇಡೋ ಪೆಟ್ಟಿಗೆಗೆ ಹೋಗೋ ಗ್ಯಾಸ್ ಮುಗಿದಿರ್ಬೇಕು. ಭಾನುವಾರ ಇಲ್ಲಿ ಜೇಪಿ ನಗರದಲ್ಲಿ ಕರೆಂಟ್ ಬೇರೆ ಇರ್ಲಿಲ್ಲ... ಏನು, ಸಿಲಿಂಡರ್ ಫುಲ್ ಇದ್ಯಾ?

ಮೈಕ್ರೋಸ್ಕೋಪ್ ಯಾಕೆ ಮತ್ತೆ ಹಾಕ್ದೆ? ಲಿವರ್ ಬದುಕಿದೆ, ಗೊತ್ತು... ಅಂದ್ರೆ, ಇರಬಹುದು! ಅದರ ಜೀವ ಗಟ್ಟಿ. ಮಿದುಳೊಂದೇ ಹೇಗೆ ಹೋಯ್ತು ಅಂತ ನನ್ನ ಮುಖ ನೋಡಿದ್ರೆ? ನಂಗೇನು ಗೊತ್ತು! ಹೋಗ್ಲಿ ಬಿಡು, ನಿನ್ನ ಪಿಎಚ್‌ಡಿ ಪ್ಲೇಟ್ ಕೆಳಗಿನ ಶೆಲ್ಫಲ್ಲಿ ಭದ್ರವಾಗಿದೆಯಲ್ಲ...

ಯಾಕೆ ತಲೆ ಅಲ್ಲಾಡಿಸ್ತೀಯ? ಶೆಲ್ಫ್ ಖಾಲೀನಾ? ಮತ್ತೆ ನಿಂದು ಎಲ್ಲೋಯ್ತು?

ಸಾರ್ ಪ್ಲೇಟನ್ಯಾಕೆ ಮೇಲೆತ್ತಿ ತಳ ತೋರಿಸ್ತೀಯ... ಲಿಖಿತಾ! ಇದು ನಿನ್ನ ಕೈಬರಹ. ಆ ನಂದಕುಮಾರ ತನ್ನದು ಚೆನ್ನಾಗಿ ಬೆಳೆದಿಲ್ಲ ಅಂತ ನಿಂದನ್ನ ಎತ್ಕೊಂಡು ಮುಚ್ಚಳಕ್ಕೆ ತನ್ನ ಹೆಸರು ಅಂಟಿಸಿದ್ನಾ? ಅಯ್ಯೋ ದೇವ್ರೇ... ಮುಚ್ಚಳ ಅದಲುಬದಲಾಗುತ್ತೆ, ಹೆಸರು ತಳದ ಮೇಲೆ ಬರಿ ಅಂತ ನಿಂಗೆ ಹೇಳಿಕೊಟ್ಟೋಳೇ ನಾನು ಕಣೇ.

ಲಿಖಿತಾ, ಬೈಯಿ, ಹೊಡಿ, ಏನಾದ್ರೂ ಮಾಡು... ನಾನು ಮುಚ್ಚಳದ ಮೇಲಿನ ಹೆಸರು ಮಾತ್ರ ನೋಡಿ ಆ ಔಷಧಿ ಹಾಕ್ಬಿಟ್ಟೆ.